ಬೆರಳು ನೋಡಬಾರದು

ಹುಣಸೂರಿನ ನನ್ನ ಅಂಗಡಿಯಲ್ಲಿ, ರಿಪೇರಿಗೆ ಬಂದ ಕಂಪ್ಯೂಟರುಗಳ ರಾಶಿಯ ಮೇಲಿನ ಅರೆಯಲ್ಲಿ, ಒಂದು ಪುಟ್ಟ ಲ್ಯಾಪ್‌ಟಾಪ್ ಇದೆ. ಬಂದವರ ಕಣ್ಣೆಲ್ಲ ಅದರ ಮೇಲೇ. "ಮುದ್ದಾಗಿದೆ ಕಣ್ರೀ, ಕೊಡ್ತೀರಾ?" ಅನ್ನುತ್ತಾರೆ. ಕೊಡಲ್ಲ ಅಂದರೆ ಆಸೆ ಇನ್ನೂ ಹೆಚ್ಚಾಗುತ್ತದೆ, ಅದಕ್ಕೇ ಅದರ ಗುಣ ದೋಷ ಎರಡನ್ನೂ ಬಿಡಿಸಿ ಹೇಳಿಬಿಡುತ್ತೇನೆ. ಶಾಲೆ ಮಕ್ಕಳ ಸ್ಲೇಟಿನಷ್ಟು ಅಗಲ, ಒಂದು ಹಣ್ಣಿನ ಚೀಲಕ್ಕಿಂತ ಹಗುರ. ಪರದೆಯನ್ನು ಹಿಂದೆ ತಿರುಗಿಸಿ ಅಂಗಾತ ಮಲಗಿಸಿದರೆ ಕೀಲಿಮಣೆ ಕೆಳಗೆ ಅಡಗಿಹೋಗುತ್ತದೆ, ಆಮೇಲೆ ಪರದೆಯ ಮೇಲೆಯೇ ಬೆರಳಿಂದ ಒತ್ತಿ ಕೆಲಸ ಮಾಡಬಹುದು. ಇದು ಗುಣ. ಇನ್ನು ದೋಷ: ಬ್ಯಾಟರಿ ಒಂದು ಸಿನಿಮಾ ಮುಗಿಯುವ ತನಕ ಬಾಳುವುದಿಲ್ಲ, ಅಡಿ ಕಾದು ದೋಸೆ ಕಾವಲಿ ಆಗುತ್ತದೆ, ಕಿಟಕಿಯ ಬೆಳಕು ಬಿದ್ದರೆ ಅಕ್ಷರ ಕಾಣುವುದಿಲ್ಲ, ಬೆರಳಿನ ಬದಲು ಅಂಗೈ ತಾಗಿದರೂ ಅದನ್ನೇ ಅಪ್ಪಣೆ ಅಂದುಕೊಳ್ಳುತ್ತದೆ. ಇಷ್ಟು ಹೇಳಿದ ಮೇಲೂ ಹೋಗದವರಿಗೆ ಪರದೆಯ ಬಲಮೂಲೆಯಲ್ಲಿ ಒಣಗಿ ಕೂತಿರುವ ಕೆಂಪು ಕಲೆ ತೋರಿಸುತ್ತೇನೆ. ಅದು ಕುಂಕುಮ.

ಅದು ನಮ್ಮ ಟೈಪಿಂಗ್ ಸಾರ್ ಮಾತಾಡುತ್ತಿದ್ದ ಯಂತ್ರ. ಸಾರ್ ಹೋದ ತಿಂಗಳು ರಾವಂದೂರಿನಲ್ಲಿ ತೀರಿಕೊಂಡರು. ಹನ್ನೊಂದನೇ ದಿನದ ಊಟ ಮುಗಿಸಿ ಬಂದಾಗಿನಿಂದ ನನಗೆ ಅಂಗಡಿಯಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ಪಿರಿಯಾಪಟ್ಟಣದ ಸುತ್ತಮುತ್ತ ಎಸ್ಸೆಸ್ಸೆಲ್ಸಿ ಪಾಸಾದವರು, ಫೇಲಾದವರು ಎಲ್ಲರೂ ಒಮ್ಮೆ ಸಾರ್ ಹತ್ತಿರ ಬಂದು ಹೋದವರೇ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವರ ಇನ್‌ಸ್ಟಿಟ್ಯೂಟ್. ಏಣಿಯಂಥ ಕಡಿದಾದ ಮೆಟ್ಟಿಲು, ನಡುವೆ ಒಂದು ತಿರುವು, ಆ ತಿರುವಿನಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕಾದರೆ ಗೋಡೆಗೆ ಅಂಟಿ ನಿಲ್ಲಬೇಕು. ಮುಂದಿನ ಹಜಾರದಲ್ಲಿ ಟೈಪಿಂಗ್ ಮಿಷನ್ನುಗಳು, ಹಿಂದಿನ ಕೋಣೆಯಲ್ಲಿ ಸಾರ್ ಮತ್ತು ಅವರ ಹೆಂಡತಿಯ ಸಂಸಾರ. ಮಕ್ಕಳಿರಲಿಲ್ಲ. ಹೆಂಡತಿಯನ್ನು ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಅಕ್ಕ ರಾವಂದೂರಿನವರು, ಒಂದು ಕಾಲಕ್ಕೆ ಸಾರ್ ಹತ್ತಿರವೇ ಟೈಪಿಂಗ್ ಕಲಿಯಲು ಬಂದು ಸೀನಿಯರ್ ಪರೀಕ್ಷೆ ಪಾಸು ಮಾಡಿ, ಆಮೇಲೆ ಅವರನ್ನೇ ಮದುವೆಯಾದವರು. ಕೈ ವೇಗದಲ್ಲಿ ಸಾರ್‌ಗಿಂತ ಒಂದು ಕೈ ಮೇಲೇ ಇದ್ದರು. ಆ ಮಾತನ್ನು ಸಾರ್ ಎದುರಿಗೆ ಯಾರೂ ಆಡುತ್ತಿರಲಿಲ್ಲ.

ಬಾಗಿಲಲ್ಲೇ ಮೊದಲ ಪರೀಕ್ಷೆ ನಡೆಯುತ್ತಿತ್ತು, ಕೈ ತೋರಿಸಬೇಕು. ನಮ್ಮ ಕಡೆ ಹೊಗೆಸೊಪ್ಪಿನ ಕಾಲದಲ್ಲಿ ಮನೆಮಂದಿಯೆಲ್ಲ ಸೊಪ್ಪು ವಿಂಗಡಿಸಲು ಕೂರುತ್ತೇವೆ, ಆ ಸೊಪ್ಪಿನ ಅಂಟು ಬೆರಳಿಗೆ ಹತ್ತಿ ಕಪ್ಪಗೆ ಗಟ್ಟಿಯಾಗುತ್ತದೆ, ಸೋಪಿಗೆಲ್ಲ ಬಗ್ಗುವುದಿಲ್ಲ. ಅಂಥ ಕೈಯಿಂದ ಕೀಲಿ ಒತ್ತಿದರೆ ಕೀಲಿ ಬೆರಳನ್ನು ಬಿಡುವುದಿಲ್ಲ. ಸಾರ್ ಬಾಗಿಲ ಬಳಿ ಒಂದು ಬೋಗುಣಿಯಲ್ಲಿ ಹುಣಸೆಹಣ್ಣು ಕಿವುಚಿದ ನೀರು ಇಟ್ಟಿರುತ್ತಿದ್ದರು. "ಮುಖ ತೊಳೀದೆ ಬಂದ್ರೂ ಸೈಸ್ತೀನಿ ಕಣಯ್ಯಾ, ಕೈ ತೊಳೀದೆ ಬರಬೇಡ" ಅನ್ನುತ್ತಿದ್ದರು. ನಾನು ಎಷ್ಟೋ ಸಲ ಬಿಸಿಬಿಸಿ ಬೋಂಡ ತಿಂದ ಎಣ್ಣೆಗೈಯನ್ನು ಅದರಲ್ಲೇ ಅದ್ದಿದ್ದೇನೆ. ಅದೂ ಅವರಿಗೆ ವಾಸನೆಯಿಂದ ಗೊತ್ತಾಗುತ್ತಿತ್ತು.

ಕೈ ಶುದ್ಧವಾದ ಮೇಲೆ ಕಲಿಯಬೇಕಾದ ಮೊದಲ ಪಾಠ ಎಲ್ಲರಿಗೂ ಒಂದೇ. ಎಡಗೈಯಲ್ಲಿ ಎ ಎಸ್ ಡಿ ಎಫ್, ಮುಂದೆ ಒಂದು ಹೆಜ್ಜೆ ಜಿ, ಮತ್ತೆ ಹಿಂದಕ್ಕೆ ಎಫ್. ಬಲಗೈಯಲ್ಲಿ ಅದರ ಕನ್ನಡಿ: ಸೆಮಿಕೋಲನ್ ಎಲ್ ಕೆ ಜೆ, ಎಚ್, ಮತ್ತೆ ಜೆ. ಇದನ್ನೇ ವಾರಗಟ್ಟಲೆ ಹೊಡೆಯಬೇಕು. ಮನೆಯಲ್ಲಿ ಊಟಕ್ಕೆ ಕೂತರೂ ಬೆರಳು ತಟ್ಟೆಯ ಅಂಚಿನ ಮೇಲೆ ಅದೇ ಓಟ ಓಡುತ್ತಿತ್ತು. ನಮ್ಮವ್ವ ನನ್ನ ಕೈಗೆ ದೃಷ್ಟಿಯಾಗಿದೆ ಅಂತ ಮೆಣಸಿನಕಾಯಿ ನಿವಾಳಿಸಿದ್ದಳು.

ಎರಡನೆಯ ಪಾಠ ಬೆರಳು ನೋಡಬಾರದು ಎನ್ನುವುದು. ಸಾರ್‌ಗೆ ಇದು ಟೈಪಿಂಗ್ ನಿಯಮ ಮಾತ್ರ ಆಗಿರಲಿಲ್ಲ, ಜೀವನದ ನಿಯಮವೇ ಆಗಿತ್ತು. ಹೊಸಬರ ಕೈಗಳ ಮೇಲೆ ಒಂದು ಟವೆಲ್ ಹೊದಿಸಿ, ಅದರ ಎರಡು ತುದಿಗಳನ್ನು ಮಿಷನ್ನಿನ ಎರಡು ಬದಿಯ ಕಿವಿಗಳಂಥ ಗುಂಡಿಗಳಿಗೆ ಕಟ್ಟಿಬಿಡುತ್ತಿದ್ದರು. ಟವೆಲ್ ಒಳಗೆ ನಮ್ಮ ಬೆರಳುಗಳು ಕತ್ತಲಲ್ಲಿ ತಡಕಾಡುತ್ತಿದ್ದವು. ಯಾರಾದರೂ ಟವೆಲ್ ಕೆಳಗೆ ಇಣುಕಿದರೆ ಸ್ಕೇಲಿನ ಏಟು ಬೆರಳಿಗೆ ಬೀಳುತ್ತಿರಲಿಲ್ಲ, ಇಣುಕಿದ ತಲೆಗೆ ಬೀಳುತ್ತಿತ್ತು.

"ಕಣ್ಣು ಕಾಗದದ ಮೇಲಿರ್ಲಿ. ಬೆರಳಿಗೆ ದಾರಿ ಗೊತ್ತದೆ ಕಣಯ್ಯಾ, ನೀನ್ಯಾಕೆ ಕಾವಲು ಕಾಯ್ತೀಯ?" ಅನ್ನುತ್ತಿದ್ದರು. ಅವರ ಕೈಯಲ್ಲಿ ಪಳಗಿದವರು ಇವತ್ತಿಗೂ ತಾಲ್ಲೂಕು ಕಚೇರಿಗಳಲ್ಲಿ, ಕೋರ್ಟಿನ ಹೊರಗಿನ ಕಟ್ಟೆಗಳಲ್ಲಿ ಇದ್ದಾರೆ. ಅವರಲ್ಲಿ ಒಬ್ಬರೂ ತಮ್ಮ ಬೆರಳನ್ನಾಗಲಿ ಇನ್ನೊಬ್ಬರ ಬೆರಳನ್ನಾಗಲಿ ನೋಡುವವರಲ್ಲ.

ಸಾರ್‌ಗೆ ಕಿವಿಯೇ ಕಣ್ಣು. ಹಿಂದಿನ ಕೋಣೆಯಲ್ಲಿ ಕಾಫಿ ಕುಡಿಯುತ್ತ, "ಕಿಟಕಿ ಪಕ್ಕದವ್ನೇ, ಸ್ಪೇಸ್ ಬಿಟ್ಟಿಲ್ಲ" ಅಂತ ಕೂಗುತ್ತಿದ್ದರು. ಕಿಟಕಿ ಪಕ್ಕದವನು ನೋಡಿದರೆ ಬಿಟ್ಟಿರುತ್ತಿರಲಿಲ್ಲ. ಸಾರ್ ಕೈಯೂ ಸುಮ್ಮನಿರುತ್ತಿರಲಿಲ್ಲ, ಕೇಳಿದ್ದನ್ನೆಲ್ಲ ತೊಡೆಯ ಮೇಲೆ ಟೈಪ್ ಮಾಡುತ್ತಿದ್ದರು. ಒಮ್ಮೆ ಕೆ.ಆರ್. ನಗರದಲ್ಲಿ ಒಂದು ಮದುವೆಯಲ್ಲಿ ಅವರ ಪಕ್ಕ ಕೂತಿದ್ದೆ. ಪುರೋಹಿತರ ಮಂತ್ರ ಪೂರ್ತಿ ಅವರ ಪಂಚೆಯ ಮೇಲೆ ಟೈಪ್ ಆಯಿತು. ಪುರೋಹಿತರು ಎಲ್ಲೋ ಒಂದು ಸಾಲು ಹಾರಿಸಿದಾಗ ಸಾರ್ ಬೆರಳು ತಟಕ್ಕನೆ ನಿಂತು, ಅವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

ಹೊಗಳುವುದರಲ್ಲಿ ಮಹಾ ಜಿಪುಣರು. ನಾನು ಸೀನಿಯರ್ ಪಾಸಾದ ದಿನ ಸಿಹಿ ತಗೊಂಡು ಹೋದರೆ, "ತಿದ್ದೋದು ಕಮ್ಮಿ ಆಗಿದೆ" ಅಂದಿದ್ದೇ ಅವರ ಆಶೀರ್ವಾದ. ಆಮೇಲೆ ನಾನು ಹುಣಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಾಗ ನನ್ನ ಜೊತೆ ಸುಮಾರು ದಿನ ಮಾತೇ ಬಿಟ್ಟರು. "ತಪ್ಪಾದ್ರೆ ಅಳಿಸಬೌದು ಅಂತಾದ್ಮೇಲೆ ಸರಿಯಾಗಿ ಹೊಡೆಯೋನು ಯಾರು?" ಎನ್ನುವುದು ಕಂಪ್ಯೂಟರಿನ ಮೇಲೆ ಅವರ ತಕರಾರು.

ಅಂಥವರಿಗೆ ಲಕ್ವ ಹೊಡೆಯಿತು. ಬಲಗೈ, ಎರಡೂ ಕಾಲು ಹೋದವು. ಮಾತು ಪೂರ್ತಿ ಹೋಯಿತು. ಮೈಸೂರಿನ ಡಾಕ್ಟರು ಅಕ್ಕನಿಗೆ ಹೇಳಿದ್ದಿಷ್ಟು: ತಲೆಯೊಳಗೆ ಎಲ್ಲ ಸರಿಯಾಗಿದೆ, ಭಾಷೆ ಇದೆ, ನೆನಪಿದೆ, ಹೊರಗೆ ಬರುವ ದಾರಿ ಮುಚ್ಚಿಹೋಗಿದೆ. ನಾವು ನಾಲ್ಕು ಜನ ಹಳೇ ಶಿಷ್ಯರು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಆ ಮೆಟ್ಟಿಲ ತಿರುವಿನಲ್ಲಿ ಗೋಡೆ ಕೆರೆದುಕೊಂಡು, ಹೇಗೋ ಮೇಲಕ್ಕೆ ಸಾಗಿಸಿದೆವು. ಆಮೇಲೆ ಅವರು ಕೆಳಗೆ ಇಳಿಯಲೇ ಇಲ್ಲ. ಹಿಂದಿನ ಕೋಣೆಯಲ್ಲಿ ಒಂದು ಮರದ ಮಂಚ, ಎದುರಿಗೆ ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಕಟ್ಟಡದ ಗಾರೆ ಇಲ್ಲದ ಇಟ್ಟಿಗೆ ಗೋಡೆ. ಅದನ್ನು ನೋಡಿಕೊಂಡು ಮಲಗಿದ್ದರು.

ಅವರಲ್ಲಿ ಉಳಿದಿದ್ದ ಸದ್ದು ಒಂದೇ, "ಹೂಂ." ನೋವಾದರೂ ಹೂಂ, ಬೇಡವಾದರೂ ಹೂಂ. ತಲೆ ಸ್ವಲ್ಪವೇ ಆ ಕಡೆ ಈ ಕಡೆ ಆಡುತ್ತಿತ್ತು, ಆದರೆ ನಮ್ಮ ಕಡೆ ತಲೆ ಹಾಗೆ ಆಡಿಸಿದರೆ ಆಗಲಿ ಎಂದೇ ಅರ್ಥ. ಒಟ್ಟಿನಲ್ಲಿ ಬೇಡ ಅನ್ನಲು ಅವರಿಗೆ ಯಾವ ದಾರಿಯೂ ಇರಲಿಲ್ಲ. ಜೀವಮಾನವಿಡೀ ಎಲ್ಲದಕ್ಕೂ ಬೇಡ ಅಂದವರು ಅವರು. "ಇನ್ನೊಂದ್ ಇಡ್ಲಿ ಹಾಕ್ಲಾ?" "ಹೂಂ." "ಫ್ಯಾನ್ ಆರಿಸ್ಲಾ?" "ಹೂಂ." ಹೀಗೆ ಅಕ್ಕ ಕೇಳುವುದು, ಅಕ್ಕ ಹೇಳಿದ್ದೇ ಆಗುವುದು. ಹಳೇ ಶಿಷ್ಯರು ಬಂದು ಮಂಚದ ಪಕ್ಕ ಕೂತು, ಸಾರ್ ಎಷ್ಟು ಸಾಧು ಆಗಿಬಿಟ್ಟಿದಾರೆ ನೋಡು ಅಂತ ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ನನಗೆ ಮಾತ್ರ ಅವರ ಕಣ್ಣಿನಲ್ಲಿ ಸಾಧುತನ ಕಾಣಿಸುತ್ತಿರಲಿಲ್ಲ.

ಎಡಗೈಯ ತೋರುಬೆರಳು ಉಳಿದಿತ್ತು. ಅದು ಮಂಚದ ಪಟ್ಟಿಯ ಮೇಲೆ ಇದ್ದಕ್ಕಿದ್ದಂತೆ ಅದುರಲು ಶುರುಮಾಡುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ. ನಡುಕ ಅಂದರು ಎಲ್ಲರೂ. ಅಕ್ಕ ಅಡುಗೆ ಬಿಟ್ಟು ಓಡಿಬಂದು, ಆ ಬೆರಳನ್ನು ತಮ್ಮ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ಕೂರುತ್ತಿದ್ದರು. ಅಂಗೈ ಬಿಸಿಗೆ ಮೆಲ್ಲಗೆ ಶಾಂತವಾಗುತ್ತಿತ್ತು. "ಹಿಡ್ಕೊಂಡ್ರೆ ನಿಲ್ತದೆ ಕಣಪ್ಪ, ಪಾಪ, ಬೆರಳಿಗಾದ್ರೂ ನಾನಿದೀನಿ ಅಂತ ಗೊತ್ತಾಗ್ತದೆ" ಅನ್ನುತ್ತಿದ್ದರು.

ಇನ್‌ಸ್ಟಿಟ್ಯೂಟನ್ನು ಅಕ್ಕ ಮುಚ್ಚಲಿಲ್ಲ. ಕಲಿಯಲು ಬರುವವರು ಕಮ್ಮಿಯಾಗಿದ್ದರು, ಆದರೂ ಮುಚ್ಚಲಿಲ್ಲ. "ಆ ಸದ್ದಲ್ಲೇ ಅವರ ಜೀವ ನಿಂತದೆ" ಅನ್ನುತ್ತಿದ್ದರು. ಹಜಾರಕ್ಕೂ ಹಿಂದಿನ ಕೋಣೆಗೂ ನಡುವಿನ ಬಾಗಿಲನ್ನು ಸದಾ ತೆರೆದೇ ಇಡುತ್ತಿದ್ದರು. ಬೆಳಿಗ್ಗೆಯಿಂದ ಸಂಜೆವರೆಗೆ ಹೊಸ ಕಲಿಯುವವರ ಟಕಟಕ ಸಾರ್ ಕಿವಿಗೆ ಬೀಳಲಿ ಅಂತ.

ಎರಡು ವರ್ಷ ಹೀಗೇ ಕಳೆದ ಮೇಲೆ ಆ ಲ್ಯಾಪ್‌ಟಾಪ್ ನನ್ನ ಅಂಗಡಿಗೆ ಬಂತು. ಕೊಡಗಿನ ಕಡೆಯ ಒಬ್ಬ ತೋಟದ ಮಾಲೀಕರು ವಿದೇಶದಿಂದ ತರಿಸಿಕೊಂಡಿದ್ದು. ರಿಪೇರಿಯಾದ ಮೇಲೆ ವಾಪಸ್ ಒಯ್ಯಲು ಬಂದವರು ಪರದೆಯನ್ನು ಮೂಗಿನ ತನಕ ಹಿಡಿದು ನೋಡಿ, "ಇದು ನನ್ನ ಕಣ್ಣಿಗೆ ಆಗೋದಿಲ್ಲ, ನೀವೇ ಇಟ್ಕೊಳ್ಳಿ" ಅಂತ ಬಿಟ್ಟುಹೋದರು. ಪರದೆಯ ಮೇಲೆ ಅಕ್ಷರಗಳ ಮಣೆ ಮೂಡಿಸಿ ಬೆರಳಿಂದ ಒತ್ತಿ ನೋಡುತ್ತಿದ್ದಾಗ ನನಗೆ ಮಂಚದ ಪಟ್ಟಿ ಮೇಲಿನ ಆ ಒಂದು ಬೆರಳು ನೆನಪಾಯಿತು. ಮಾರನೆಯ ದಿನವೇ ಬಸ್ಸು ಹತ್ತಿದೆ.

ಸಾರ್ ಹೊಟ್ಟೆಯ ಮೇಲೆ ಒಂದು ದಿಂಬು, ದಿಂಬಿನ ಮೇಲೆ ಆ ಯಂತ್ರ, ಅವರ ಎಡಗೈಗೆ ಊರಲು ಮಡಿಸಿದ ಟವೆಲ್. ಪರದೆಯಲ್ಲಿ ಮೂಡಿದ ಅಕ್ಷರಗಳನ್ನು ಅವರು ತುಂಬ ಹೊತ್ತು ನೋಡಿದರು. ಟೈಪ್‌ರೈಟರಿನ ಜಾಗಗಳೇ, ಅದೇ ಸಾಲು, ಅದೇ ನೆರೆಹೊರೆ. ಬೆರಳು ನಡುಗುತ್ತಾ ಇಳಿಯಿತು. ಒಂದು ಅಕ್ಷರ ಒತ್ತಿದರೆ ನಾಲ್ಕಾಗಿ ಬೀಳುತ್ತಿತ್ತು. ನಾನು ಅದನ್ನು ಸರಿಪಡಿಸಿದೆ, ಒಮ್ಮೆ ಒತ್ತಿದ ಮೇಲೆ ಸ್ವಲ್ಪ ಹೊತ್ತು ಬೇರೆ ಒತ್ತು ಲೆಕ್ಕಕ್ಕೆ ಬರದ ಹಾಗೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮಾತು ಒಂದೊಂದಾಗಿ ಮೂಡತೊಡಗಿತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಎರಡು ವರ್ಷದ ಮೇಲೆ ಗಂಡನ ಮೊದಲ ಮಾತು.

"ಬಾಗಿಲು ಮುಚ್ಚಿ."

"ಯಾವ್ ಬಾಗ್ಲು?" ಅಂದರು ಅಕ್ಕ. ಬೆರಳು ಮತ್ತೆ ಇಳಿಯಿತು. ಹಜಾರದ್ದು. ಆಮೇಲೆ, ಬಹಳ ಹೊತ್ತು ತಗೊಂಡು: "ಬರೀ ತಪ್ಪು. ಕೇಳಕ್ಕಾಗಲ್ಲ."

ನಾನು ನಕ್ಕುಬಿಟ್ಟೆ. ಆಮೇಲೆ ನಗು ನಿಂತಿತು. ಅವರ ಜೀವ ಅದರಲ್ಲೇ ಇದೆ ಅಂತ ನಾವೆಲ್ಲ ಮೆಚ್ಚಿಕೊಂಡಿದ್ದ ಆ ಸದ್ದು, ಒಂದು ತಪ್ಪನ್ನೂ ತಿದ್ದಲಾಗದೆ ಮಲಗಿದ್ದ ಮನುಷ್ಯನ ಕಿವಿಗೆ ಇಷ್ಟು ದಿನ ಬಡಿದಿತ್ತು. ಅಕ್ಕ ಎದ್ದುಹೋಗಿ ಬಾಗಿಲು ಹಾಕಿ ಬಂದರು.

ಆ ವಾರ ನಾನು ಮತ್ತೆ ಹೋದಾಗ ಅಕ್ಕನ ಮುಖ ಬಾಡಿತ್ತು. ಸಾರ್ ಟೈಪ್ ಮಾಡಿದ್ದರಂತೆ, "ಕೈ ಹಿಡೀಬೇಡ" ಅಂತ. "ಇಷ್ಟು ದಿನ ಹಿಡ್ಕೊಂಡೇ ಬಂದೆ, ಅದೂ ಬೇಡವಾಯ್ತು" ಅಂದರು ಅಕ್ಕ. ಯಾಕೆ ಅಂತ ಅವರು ಕೇಳಲಿಲ್ಲ, ಸಾರ್ ಹೇಳಲೂ ಇಲ್ಲ. ಮೊದಲಿಂದಲೂ ಕಾರಣ ಕೊಡುವವರಲ್ಲ ಅವರು. ಮೇಲಾಗಿ ಒಂದು ಸಾಲು ಮುಗಿಸಲು ಅರ್ಧ ಬೆಳಗು ಬೇಕಿತ್ತು.

ಆ ಯಂತ್ರದ ಬಗ್ಗೆ ಸಾರ್ ಮಾತ್ರ ಬಿಡುವಿದ್ದಾಗಲೆಲ್ಲ ಆ ಯಂತ್ರದಲ್ಲೇ ದೂರು ಟೈಪ್ ಮಾಡುತ್ತಿದ್ದರು. "ಸದ್ದಿಲ್ಲ. ಒತ್ತಿದ್ದು ಬಿತ್ತೋ ಇಲ್ಲವೋ ಹೇಗೆ ತಿಳೀಬೇಕು?" ನಾನು ಪ್ರತಿ ಅಕ್ಷರಕ್ಕೂ ಟಕ್ ಎನ್ನುವ ಹಾಗೆ ಮಾಡಿಕೊಟ್ಟೆ. "ಸುಳ್ಳು ಸದ್ದು" ಎಂದು ಬಂತು. ಹೊಟ್ಟೆ ಸುಡುತ್ತದೆ ಅಂದರು, ದಿಂಬಿನ ಮೇಲೆ ಮಣೆ ಇಟ್ಟೆ. ಕರೆಂಟು ಹೋದರೆ ಬ್ಯಾಟರಿ ಮಾತಿನ ನಡುವೆಯೇ ಕೈಕೊಡುತ್ತಿತ್ತು. ಒಂದು ಸಲ "ಉಪ್ಪಿಟ್ಟು ಬೇ" ಎನ್ನುವಲ್ಲಿಗೆ ಪರದೆ ಕಪ್ಪಾಯಿತು. ಬೇಕೋ ಬೇಡವೋ ತಿಳಿಯದೆ ಅಕ್ಕ ಉಪ್ಪಿಟ್ಟನ್ನೇ ಮಾಡಿದರು. ಅವರಿಗೆ ಬೇಡವಾಗಿತ್ತು. ಆದರೂ ಅವರು ಆ ಯಂತ್ರವನ್ನು ಪಕ್ಕದಿಂದ ತೆಗೆಯಲು ಬಿಡುತ್ತಿರಲಿಲ್ಲ. ಅಕ್ಕ ಒರೆಸಲು ಎತ್ತಿದರೂ ಅವರ ಕಣ್ಣು ಅದರ ಹಿಂದೆಯೇ ಹೋಗುತ್ತಿತ್ತು. ಒಂದು ಸಂಗತಿ ನಾವು ಗಮನಿಸಿದ್ದೆವು, ಲ್ಯಾಪ್‌ಟಾಪ್ ಬಂದ ಮೇಲೆ ಬೆರಳಿನ ನಡುಕ ನಿಂತಿತ್ತು. ಮಾತ್ರೆ ಈಗ ಕೆಲಸ ಮಾಡುತ್ತಿದೆ ಅಂದುಕೊಂಡೆವು.

ಅದೇ ವರ್ಷ ಆಯುಧಪೂಜೆಗೆ ನಾನು ಪಿರಿಯಾಪಟ್ಟಣಕ್ಕೆ ಹೋಗಿದ್ದೆ. ಹಳೇ ಶಿಷ್ಯರಲ್ಲಿ ಯಾರಾದರೂ ಒಬ್ಬರು ಆ ದಿನ ಹೋಗಿ ಮಿಷನ್ನುಗಳನ್ನು ಒರೆಸಿ ಎಣ್ಣೆ ಬಿಡುವುದು ವಾಡಿಕೆ. ಪೂಜೆಯ ವಿಷಯದಲ್ಲಿ ಸಾರ್ ಹಾಕಿದ್ದ ಕಟ್ಟಳೆ ಬಿಗಿಯಾದದ್ದು. ಕುಂಕುಮ ಇಟ್ಟ ಮೇಲೆ ಮಾರನೆಯ ಬೆಳಿಗ್ಗೆ ಕದಲಿಸುವ ತನಕ ಯಾವ ಕೀಲಿಯನ್ನೂ ಮುಟ್ಟುವ ಹಾಗಿಲ್ಲ. ವರ್ಷವಿಡೀ ದುಡಿದಿದ್ದಾವೆ, ಒಂದು ದಿನ ಅವಕ್ಕೆ ರಜ ಬೇಡವೇ ಅನ್ನುವುದು ಅವರ ವಾದ.

ನಾನು ಹೋಗುವ ಹೊತ್ತಿಗೆ ಪೂಜೆ ಮುಗಿದಿತ್ತು. ಸಾಲಾಗಿ ಮಿಷನ್ನುಗಳು, ಒಂದೊಂದಕ್ಕೂ ಚೆಂಡುಹೂವು. ಸಾಲಿನ ಕೊನೆಯಲ್ಲಿ ಪುಟ್ಟ ಲ್ಯಾಪ್‌ಟಾಪ್, ಅದರ ಪರದೆಯ ತುಂಬ ಒದ್ದೆ ಗಂಧ, ಮೂಲೆಗಳಿಗೆಲ್ಲ ನೀರಲ್ಲಿ ಕಲಸಿದ ಕುಂಕುಮ. "ಇದೇ ಎಲ್ಲಕ್ಕಿಂತ ಜಾಸ್ತಿ ದುಡಿದಿರೋದು ಈ ವರ್ಸ" ಅಂದರು ಅಕ್ಕ ಖುಷಿಯಿಂದ. ನೀರು ಒಳಗಿಳಿದರೆ ಯಂತ್ರ ಕೆಡುತ್ತದೆ ಅನ್ನಬೇಕೆಂದಿದ್ದೆ, ಹಬ್ಬದ ದಿನ ಯಾಕೆ ಅಂತ ಬಿಟ್ಟೆ.

ಮಂಚದ ಬಳಿ ಅಕ್ಕನ ತಮ್ಮ ಕೂತಿದ್ದರು. ರಾವಂದೂರಿನಲ್ಲಿ ವ್ಯವಸಾಯ, ದೊಡ್ಡ ದನಿ, ಒಳ್ಳೇ ಮನಸ್ಸು. ಅವತ್ತು ಬೆಳಿಗ್ಗೆಯಷ್ಟೇ ಬಂದು ವಿಷಯ ಎತ್ತಿದ್ದರು. ಅವರ ಮನೆಯ ಮುಂದಿನ ಭಾಗ ಖಾಲಿಯಾಗಿದೆ. ಮೆಟ್ಟಿಲಿಲ್ಲ, ಮುಂದೆ ಜಗಲಿ, ಜಗಲಿ ಎದುರಿಗೆ ಹೊಲ. ಅಕ್ಕ ಬಾವ ಇಬ್ಬರೂ ಬಂದು ಅಲ್ಲೇ ಇರಲಿ ಅನ್ನುವುದು ಅವರ ಆಸೆ.

"ಬಾಡಿಗೆಗೆ ಒಬ್ರು ಮೇಡಮ್ಮು ಕೇಳವ್ರೆ ಕಣಕ್ಕ. ನಾಳೆ ವಿಜಯದಸ್ಮಿ, ಆಲುಕ್ಕಿಸ್ತೀನಿ ಅಂತವ್ರೆ. ಈವತ್ತು ಸಂಜೆಗೆ ಊಂ ಇಲ್ಲ ಉಹೂಂ ಅಂತ ಯೋಳ್ಬೇಕು ನಾನು" ಅಂದರು.

"ನನಗೇನು, ನನ್ ತೌರು, ನಾನು ಬತ್ತೀನಿ" ಅಂದರು ಅಕ್ಕ. "ಇವ್ರಿಗೆ ಮಿಷನ್ ಬಿಟ್ಟು ಆಯ್ತದಾ? ಸದ್ದು ಬೇಡ ಅಂದ್ರೂ ಬಾಗ್ಲಾಚೆ ಅವು ಇದಾವೆ ಅನ್ನೋ ಧೈರ್ಯದಲ್ಲಿ ಇದಾರೆ. ಇಲ್ಲಿಂದ ಎತ್ತಿದ್ರೆ ಉಳಿಯಲ್ಲ."

"ಬಾವನ್ನೇ ಕೇಳಾನ ತಾಳು." ತಮ್ಮ ಬಗ್ಗಿ ಕೇಳಿದರು, "ಬಾವ, ನಮ್ಮನೆಗೆ ಬತ್ತೀರಾ?"

"ಹೂಂ" ಅಂದರು ಸಾರ್.

"ನೋಡು ಮತ್ತೆ" ಅಂದರು ತಮ್ಮ. ಅಕ್ಕ ಮುಂದೆ ಬಂದರು. "ಅದಕ್ಕೇನು. ಇಲ್ಲಿ ಕೇಳಿ. ಇಲ್ಲೇ ಇರಾಣ್ವಾ?"

"ಹೂಂ" ಅಂದರು ಸಾರ್.

ಸಾರ್ ಹಣೆಯ ಮೇಲೆ ಬೆವರು ಮೂಡಿತ್ತು. ಅವರ ಕಣ್ಣು ನನ್ನನ್ನು ದಾಟಿ ಹಜಾರದ ಕಡೆ, ಹೂ ಮುಡಿದು ಕೂತಿದ್ದ ಆ ಯಂತ್ರದ ಕಡೆ ಹೋಯಿತು. ನಾನು, "ಅಕ್ಕ, ಅದನ್ನ ತರ್ಲಾ?" ಅಂದೆ. ಅಕ್ಕ ತಡೆದರು. ಪೂಜೆಗಿಟ್ಟದ್ದು, ನಾಳೆ ತನಕ ಎತ್ತಬಾರದು, ಇವರದೇ ಕಟ್ಟಳೆ ಅಂದರು. "ನಾಳೆ ಕೇಳಿದ್ರೆ ಆಗಲ್ವಾ?" ಎಂದು ತಮ್ಮನನ್ನು ಕೇಳಿದರು. ತಮ್ಮ, ಕೊಟ್ಟ ಮಾತು ತಪ್ಪಾಗುತ್ತೆ ಕಣಕ್ಕ ಅಂದರು. ಸಾರ್ ಗಂಟಲಿಂದ ಹೂಂ, ಹೂಂ ಅಂತ ಸದ್ದು ಬರುತ್ತಲೇ ಇತ್ತು. ಕೊನೆಗೆ ಅಕ್ಕ ದೇವರಿಗೆ ಕೈ ಮುಗಿದು, ತಪ್ಪಾಯ್ತು ಅಂತ ಕೆನ್ನೆ ಬಡಿದುಕೊಂಡು, ತಾವೇ ಹೋಗಿ ಅದನ್ನು ಎತ್ತಿ ತಂದರು.

ಒದ್ದೆ ಬಟ್ಟೆಯಲ್ಲಿ ಗಂಧ ಒರೆಸಿ ಗುಂಡಿ ಒತ್ತಿದೆ. ಪರದೆ ಬೆಳಗಿತು. ಆದರೆ ಬಾಣದ ಗುರುತು ಬಲಮೂಲೆಗೆ ಓಡಿಹೋಗಿ ಅಲ್ಲೇ ಅದುರುತ್ತಾ ನಿಂತಿತು. ಕುಂಕುಮದ ನೀರು ಚೌಕಟ್ಟಿನ ಸಂದಿಗೆ ಇಳಿದು ಗಟ್ಟಿಯಾಗಿತ್ತು, ಯಾರೋ ಆ ಮೂಲೆಯನ್ನು ಸದಾ ಒತ್ತಿ ಹಿಡಿದಿದ್ದಾರೆ ಅಂತ ಯಂತ್ರ ನಂಬಿಬಿಟ್ಟಿತ್ತು. ಅಕ್ಷರಗಳ ಮಣೆ ಮೂಡಿಸಲು ಹೋದರೂ ಆಗಲಿಲ್ಲ, ಅಡಿಯ ಕೀಲಿಮಣೆ ಹೊರತೆಗೆದು ಒತ್ತಿದರೂ ಅಕ್ಷರ ಬೀಳಲಿಲ್ಲ. ಬಿಚ್ಚಿ ಸರಿಮಾಡಬೇಕಾದರೆ ಹುಣಸೂರಿಗೇ ಒಯ್ಯಬೇಕು. ಸಾರ್ ಬೆರಳು ಪರದೆಯ ಮೇಲೆ ಒತ್ತಿತು, ಒತ್ತಿತು, ಬಾಣ ಮೂಲೆ ಬಿಟ್ಟು ಬರಲಿಲ್ಲ. ನಾನು ಅದನ್ನು ಅವರ ಹೊಟ್ಟೆಯ ಮೇಲಿಂದ ಎತ್ತಿಟ್ಟೆ. ಅವರು ಕಣ್ಣು ಮುಚ್ಚಿಕೊಂಡರು.

ತಮ್ಮ ಮೆಲ್ಲಗೆ ಎದ್ದರು. "ಬುಡಕ್ಕ, ಬಾವಂಗೆ ಇಂಸೆ ಬ್ಯಾಡ. ಆ ಮೇಡಮ್ಮಂಗೇ ಊಂ ಅಂತೀನಿ" ಅಂದು ಚಪ್ಪಲಿ ಹುಡುಕತೊಡಗಿದರು.

ಆಗ ಮಂಚದ ಪಟ್ಟಿಯ ಮೇಲೆ ನಡುಕ ಶುರುವಾಯಿತು. ತಿಂಗಳುಗಳಿಂದ ನಿಂತಿದ್ದ ನಡುಕ. ಅಕ್ಕ, "ಅಯ್ಯೋ, ಮತ್ತೆ ಬಂತು ನೋಡು" ಎಂದು ಎರಡೂ ಅಂಗೈ ಚಾಚಿಕೊಂಡು ಬಂದರು. ಅವರು ಹಿಡಿಯುವ ಮೊದಲು ನನ್ನ ಕಣ್ಣು ಆ ಬೆರಳಿನ ಮೇಲೆ ಬಿತ್ತು. ನಾನು ಬೇಕೆಂದು ನೋಡಿದ್ದಲ್ಲ. ಪರದೆ ಕೆಟ್ಟಿತ್ತು, ನೋಡಲು ಬೇರೇನೂ ಇರಲಿಲ್ಲ.

ಬೆರಳು ಪಟ್ಟಿಯ ಎಡಕ್ಕೆ ಬಡಿಯಿತು, ಅಲ್ಲಿಂದ ಬಲಕ್ಕೆ ಸಾಲಾಗಿ ಹೆಜ್ಜೆ ಇಟ್ಟಿತು, ಒಂದು ಹೆಜ್ಜೆ ಮುಂದೆ ಹೋಗಿ ಒಂದು ಹಿಂದೆ ಬಂತು. ಆಮೇಲೆ ದೂರಕ್ಕೆ ಹಾರಿ, ಅಲ್ಲಿಂದ ಎಡಕ್ಕೆ ಸಾಲಾಗಿ ಬಂದು, ಮತ್ತೆ ಹಾಗೇ ಒಂದು ಮುಂದೆ ಒಂದು ಹಿಂದೆ. ನಾನು ನಿಂತಲ್ಲೇ ನನ್ನ ಬೆರಳು ತೊಡೆಯ ಮೇಲೆ ಅದನ್ನೇ ಮಾಡಿತು. ಬಾಯಿ ತಾನಾಗಿ ಅಂದಿತು, "ಎ ಎಸ್ ಡಿ ಎಫ್ ಜಿ ಎಫ್."

"ಕೈ ಬಿಡಿ ಅಕ್ಕ" ಅಂದೆ. "ಹಿಡೀಬೇಡಿ. ಬೆರಳು ನೋಡಿ."

ಅಕ್ಕ ನೋಡಿದರು. ಸೀನಿಯರ್‌ನಲ್ಲಿ ಸಾರ್‌ಗಿಂತ ವೇಗ ಇದ್ದವರು, ನನ್ನ ಹಾಗೆ ತಡವರಿಸಲಿಲ್ಲ. ಸಾರ್ ಕಣ್ಣು ತೆರೆದು ಅವರನ್ನೇ ನೋಡುತ್ತಿದ್ದರು. ಬೆರಳು ಮೊದಲ ಪಾಠ ಬಿಟ್ಟು ಒಂದು ಗಳಿಗೆ ನಿಂತಿತು. ಆಮೇಲೆ ಮಧ್ಯದಲ್ಲಿ ಒಂದು ಬಡಿತ, ಮೇಲೆ ಬಲಕ್ಕೆ ಒಂದು. ಅಕ್ಕ ಜೋರಾಗಿ ಓದತೊಡಗಿದರು, ಹೊಸದಾಗಿ ಕಲಿಯುವವರ ಹಾಗೆ. "ಎಚ್. ಓ. ಜಿ. ಓ. ಎನ್. ಎ."

"ಏನಂತೆ?" ಅಂದರು ತಮ್ಮ, ಒಂದು ಚಪ್ಪಲಿ ಹಾಕಿಕೊಂಡು.

"ಹೋಗೋಣ ಅಂತವ್ರೆ" ಅಂದರು ಅಕ್ಕ. ಹೇಳಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನನ್ನ ಕಡೆ ತಿರುಗಿ, "ಲಕ್ವ ಹೊಡೆದ ವಾರದಿಂದ ಇದೇ ಬೆರಳು ಆಡ್ತಿತ್ತು ಕಣಪ್ಪ. ಅವರು ದಿನಾ ಮಾತಾಡ್ತಾನೇ ಇದ್ರು. ನಾನು ದಿನಾ ಹೋಗಿ ಬಾಯಿ ಮುಚ್ಚಿ ಹಿಡ್ಕೊತಿದ್ದೆ" ಅಂದರು. ಆ ಕೋಣೆಗೆ ಬಂದು ಹೋಗಿದ್ದ ಶಿಷ್ಯರೆಲ್ಲ ನನ್ನ ಕಣ್ಣ ಮುಂದೆ ಬಂದರು. ಬರಿಯ ಮರದ ಮೇಲೆ ಸಾರ್ ಹೊಡೆಯುತ್ತಿದ್ದ ಮೊದಲ ಪಾಠವನ್ನು ಅವರಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಯಾರೂ ನೋಡಲಿಲ್ಲ. ನೋಡಬಾರದು ಅಂತ ಅಷ್ಟು ಚೆನ್ನಾಗಿ ಕಲಿಸಿದ್ದರು ಅವರು.

ಮಾರನೆಯ ದಿನ ರಾವಂದೂರಿನ ಆ ಮನೆಯಲ್ಲಿ ಹಾಲು ಉಕ್ಕಿಸಿದ್ದು ಅಕ್ಕನೇ. ಮತ್ತೆ ನಾಲ್ಕು ಜನ, ಮತ್ತೆ ಅದೇ ಕುರ್ಚಿ. ಮೆಟ್ಟಿಲ ತಿರುವಿನಲ್ಲಿ ಹಳೆಯ ಗೀರುಗಳ ಮೇಲೆ ಹೊಸ ಗೀರು ಬಿದ್ದವು. ಮಿಷನ್ನುಗಳನ್ನು ಬೇಕಾದವರಿಗೆ ಕೊಟ್ಟರು, ಲ್ಯಾಪ್‌ಟಾಪ್ ನನ್ನ ಚೀಲ ಸೇರಿತು. ರಿಪೇರಿ ಮಾಡಿ ತರ್ತೀನಿ ಸಾರ್ ಅಂದೆ. ಅವರು ಪಟ್ಟಿಯ ಮೇಲೆ ಬೆರಳಾಡಿಸಿದರು. ಅಕ್ಕ ಓದಿ ಹೇಳಿದರು, "ಬೇಡವಂತೆ. ಮರವೇ ವಾಸಿಯಂತೆ, ನಿಜವಾದ ಸದ್ದು ಬತ್ತದಂತೆ."

ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಬದುಕಿದ್ದರು. ನಾನು ಹೋದಾಗಲೆಲ್ಲ ಮಂಚ ಜಗಲಿಯ ಮೇಲೆ ಇರುತ್ತಿತ್ತು. ಎದುರಿಗೆ ಹೊಗೆಸೊಪ್ಪಿನ ಹೊಲ, ದಾರಿಯಲ್ಲಿ ಹೋಗುವವರು, ಬಸ್ಸು. ಕಾಲು ಬರಲಿಲ್ಲ, ಮಾತು ಬರಲಿಲ್ಲ, ಮಂಚ ಬಿಟ್ಟು ಏಳಲೂ ಇಲ್ಲ, ಅದೆಲ್ಲ ಹಾಗೇ ಇತ್ತು. ಆದರೆ ಅಕ್ಕ ಒಂದು ಕೈಯಲ್ಲಿ ಅವರೆಕಾಯಿ ಸುಲಿಯುತ್ತ, ಇನ್ನೊಂದು ಅಂಗೈಯನ್ನು ಸಾರ್ ಬೆರಳಿನ ಕೆಳಗೆ ಚಾಚಿ ಕೂತಿರುತ್ತಿದ್ದರು. ಬೆರಳು ಅಂಗೈಯ ಮೇಲೆ ಓಡಾಡುತ್ತಿತ್ತು. ಅಕ್ಕನ ಕಣ್ಣು ಅವರೆಕಾಯಿಯ ಮೇಲೆ, ಒಮ್ಮೆಯೂ ಬೆರಳು ನೋಡುತ್ತಿರಲಿಲ್ಲ. ನಡುನಡುವೆ ಕಿಸಕ್ಕೆಂದು ನಗುತ್ತಿದ್ದರು. ಒಂದು ಸಲ ಏನಕ್ಕ ಅಂದೆ. "ನಿನ್ ಷರಟಿನ ಗುಂಡಿ ತಪ್ಪಾಗಿ ಹಾಕಿದೀಯಂತೆ" ಅಂದರು. ನೋಡಿಕೊಂಡರೆ ಹೌದು.

ಹನ್ನೊಂದನೇ ದಿನ ಊಟ ಮುಗಿದ ಮೇಲೆ ಊರಿನ ಹೆಂಗಸರು ಅಕ್ಕನ ಸುತ್ತ ಕೂತಿದ್ದರು. ನಾನು ಹೊರಡುತ್ತೇನೆ ಎಂದು ಹೇಳಲು ಒಳಗೆ ಹೋದೆ. ಒಬ್ಬ ವಯಸ್ಸಾದ ಹೆಂಗಸು ಸಮಾಧಾನ ಮಾಡುತ್ತ, "ಪುಣ್ಯವಂತೆ ಕಣವ್ವ ನೀನು. ಜೀವ ಓಗೋ ಗಂಟ ಗಂಡನ ಕೈ ಇಡ್ಕೊಂಡೇ ಕುಂತಿದ್ದೆಯಂತೆ" ಅಂದರು.

"ಇಲ್ಲ ಕಣಮ್ಮ, ಹಿಡಿದಿರ್ಲಿಲ್ಲ" ಅಂದರು ಅಕ್ಕ. "ಅವರ ಕೈ ಕೆಳಗೆ ನನ್ ಕೈ ಇಟ್ಟಿದ್ದೆ."